ಬಿಚ್ಚಪ್ಪ ಜೋಡಿಸಿದ ದಿನ

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಮೂಲ ಒಂದು ಟೀ ಜರಡಿ. ಬೆಳಗ್ಗೆ ಹೆಂಡತಿ ಟೀ ಸೋಸಿ, ಒಂದು ಗುಟುಕು ಕುಡಿದು, ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ಇದೇನ್ರೀ ಇದು? ಟೀನೋ ಸೀಮೆಎಣ್ಣೆನೋ?"

ಗಂಡ ತನ್ನ ಲೋಟದೊಳಗೆ ಇಣುಕಿದ. ಟೀ ಮೇಲೆ ಬಣ್ಣಬಣ್ಣದ ಪೊರೆಯೊಂದು ತೇಲುತ್ತಿತ್ತು. ಹಿಂದಿನ ಸಂಜೆ ಯಾರೂ ನೋಡದ ಹೊತ್ತಿನಲ್ಲಿ ಜರಡಿಯನ್ನು ಹಿತ್ತಲಿನ ಶೆಡ್ಡಿಗೆ ಎತ್ತಿಕೊಂಡು ಹೋಗಿದ್ದು, ಸ್ಕ್ರೂಗಳನ್ನೆಲ್ಲ ಅದರಲ್ಲಿ ಹಾಕಿ ಸೀಮೆಎಣ್ಣೆಯಲ್ಲಿ ಜಾಲಾಡಿಸಿದ್ದು, ಆಮೇಲೆ ಚೆನ್ನಾಗಿ ಒರೆಸಿ ಮತ್ತೆ ಮೊಳೆಗೆ ನೇತುಹಾಕಿದ್ದು ಎಲ್ಲಾ ನೆನಪಾಯಿತು. ಒರೆಸಿದ್ದು ಸಾಲಲಿಲ್ಲ ಎಂದು ಈಗ ಗೊತ್ತಾಯಿತು.

"ಇವತ್ತಿಗೆ ಮುಗೀತು," ಎಂದಳು ಹೆಂಡತಿ. "ಇನ್ನು ನಿಮ್ಮ ಶೆಡ್ಡಿಂದ ಒಂದು ಸ್ಕ್ರೂ ನನ್ನ ಅಡಿಗೆಮನೆ ಹೊಸ್ತಿಲು ದಾಟಿದ್ರೆ ನೋಡಿ. ಸಿಂಕ್ ಇಲ್ಲ, ಪಾತ್ರೆ ಇಲ್ಲ, ಜರಡಿ ಇಲ್ಲ. ಸೀಮೆಎಣ್ಣೆ ವಾಸನೆನೂ ಬರಬಾರದು."

ಕಚೇರಿಯಲ್ಲಿ ಅವನು ಗುಮಾಸ್ತ. ಬೀದಿಯಲ್ಲಿ ಮಾತ್ರ ಬಿಚ್ಚಪ್ಪ. ಕೈಗೆ ಸಿಕ್ಕಿದ್ದನ್ನು ಬಿಚ್ಚುವುದು ಅವನಿಗೆ ಚಿಕ್ಕಂದಿನಿಂದ ಅಂಟಿದ ಚಟ. ಜೋಡಿಸುವ ವಿದ್ಯೆ ಮಾತ್ರ ಪಾಪ, ಕೈಗೆ ಹತ್ತಿರಲಿಲ್ಲ. ಶೆಡ್ಡಿನ ತುಂಬ ರೆಕ್ಕೆಯಿಲ್ಲದ ಫ್ಯಾನು, ಮುಳ್ಳಿಲ್ಲದ ಗಡಿಯಾರ, ಹೊಟ್ಟೆ ಬಗೆದ ರೇಡಿಯೋ. ಪ್ರತಿಯೊಂದನ್ನೂ "ಒಂದು ಗಂಟೆ ಕೆಲಸ" ಎಂದೇ ಅವನು ಶುರುಮಾಡಿದ್ದು. ಎರಡು ತಿಂಗಳಿಂದ ಆ ಗುಂಪಿಗೆ ಅಮ್ಮನ ಹೊಲಿಗೆ ಮೆಶೀನೂ ಸೇರಿತ್ತು.

ಅದು ಸಾಮಾನ್ಯ ಮೆಶೀನಲ್ಲ. ಅಪ್ಪ ಬೇಗ ಹೋದಮೇಲೆ ಈ ಮನೆಗೆ ಅನ್ನ ಹಾಕಿದ್ದೇ ಅದು. ಮುಂದಿನ ಕೋಣೆಯಲ್ಲಿ ಕೂತು ಅಮ್ಮ ಬೀದಿಯ ಮಕ್ಕಳಿಗೆಲ್ಲ ಶಾಲೆಯ ಬಟ್ಟೆ ಹೊಲಿದಳು. ಟೈಲರಮ್ಮ ಇಂಥ ದಿನ ಕೊಡ್ತೀನಿ ಅಂದರೆ ಅಂದೇ ಕೊಡಬೇಕು. ಮೈ ಸುಡುವ ಜ್ವರವಿದ್ದರೂ ಮಾತು ತಪ್ಪಿದವಳಲ್ಲ. ಈಗ ವಯಸ್ಸಾಗಿದೆ, ಗಿರಾಕಿಗಳಿಲ್ಲ. ಆದರೂ ದಿಂಬಿನ ಚೀಲವೋ ಕೈಚೀಲವೋ ಏನಾದರೊಂದು ಹೊಲಿಯುತ್ತಿದ್ದಳು. ಹಳೆಯ ಎಣ್ಣೆ ಅಂಟಿನಂತೆ ಗಟ್ಟಿಯಾಗಿ ಒಂದು ದಿನ ಚಕ್ರ ಅಲುಗದೆ ನಿಂತಿತು. ಬಿಚ್ಚಪ್ಪ ಓಡಿ ಬಂದು ಬಿಚ್ಚಿದ. ಅಂದಿನಿಂದ ಅಮ್ಮ ದಿನಾ ಬೆಳಗ್ಗೆ ಶೆಡ್ಡಿನ ಬಾಗಿಲಿಗೆ ಬಂದು, "ಇನ್ನೂ ಆಗ್ಲಿಲ್ವೇನೋ?" ಎಂದು ಕೇಳಿ ಹೋಗುತ್ತಿದ್ದಳು. ಆ ಮಾತು ಅವನ ಎದೆಗೆ ಸೂಜಿಯಂತೆ ಚುಚ್ಚುತ್ತಿತ್ತು.

ಟೀ ಜರಡಿಯ ಪಂಚಾಯಿತಿ ಮುಗಿಯುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಅಮ್ಮ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಆ ಕಡೆ ಇದ್ದವಳು ಬಿಚ್ಚಪ್ಪನ ಅಕ್ಕ. ಅಮ್ಮನನ್ನು ತನ್ನ ಮನೆಗೆ ಕಳಿಸಿ ಎಂದು ಅವಳು ದುಂಬಾಲು ಬಿದ್ದು ಬಹಳ ದಿನವಾಗಿತ್ತು.

"ಮೆಶೀನು ಇನ್ನೂ ಬಿಚ್ಚಿ ಬಿದ್ದಿದೆ ಕಣೇ... ನಾನೇನ್ ಮಾಡ್ಲಿ ಹೇಳು... ಮಾತು ಕೊಟ್ಟಿದೀನಲ್ಲ, ಇಲ್ಲ ಅಂದ್ನಾ?... ಸರಿ, ಸಂಜೆ ಬಾ. ಬಂದು ನೀನೇ ಕಣ್ಣಾರೆ ನೋಡು."

ಬಿಚ್ಚಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಎರಡು ತಿಂಗಳು ಕಾದು ಅಮ್ಮನಿಗೆ ರೋಸಿಹೋಗಿದೆ, ಸಂಜೆ ಅಕ್ಕ ಬಂದು ಆ ಬಿಡಿಭಾಗಗಳ ರಾಶಿ ನೋಡಿ ಅಮ್ಮನನ್ನು ಕರೆದುಕೊಂಡು ಹೊರಡುತ್ತಾಳೆ ಎಂದು ಅವನು ಲೆಕ್ಕ ಹಾಕಿದ. ಅಷ್ಟರೊಳಗೆ ಮೆಶೀನು ಓಡಿದರೆ ಅಮ್ಮ ಉಳಿದಳು, ಇಲ್ಲವಾದರೆ ಇಲ್ಲ.

ಹೆಂಡತಿಗೆ ಹೇಳಿದ. ಅವಳ ಕೋಪ ಅರ್ಧ ಇಳಿಯಿತು.

"ಅಯ್ಯೋ, ಅತ್ತೆ ಹೋಗ್ಬಿಟ್ರೆ ನಿಮ್ಮನ್ನ ಬೈಯೋ ಕೆಲಸ ಪೂರ್ತಿ ನನ್ನ ತಲೆ ಮೇಲೇ ಬೀಳುತ್ತೆ. ನನ್ನೊಬ್ಬಳ ಕೈಲಾಗಲ್ಲ ಅದು. ಏನಾದ್ರೂ ಮಾಡಿ."

"ಮಾಡ್ಬಹುದು. ಜಿಡ್ಡು ಹೋದ್ರೆ ಜೋಡಿಸೋದು ಒಂದು ಗಂಟೆ ಕೆಲಸ. ಸಿಂಕ್ ಒಂದು ಕೊಡು..."

"ಸಿಂಕ್ ಮಾತು ಎತ್ತಬೇಡಿ."

ಹಾಗಾಗಿ ಬಿಡಿಭಾಗ ತೊಳೆಯುವ ಯಂತ್ರವೊಂದನ್ನು ತಾನೇ ಮಾಡಬೇಕೆಂದು ಬಿಚ್ಚಪ್ಪ ತೀರ್ಮಾನಿಸಿದ. ಮೋಟಾರು ಗ್ಯಾರೇಜಿನಲ್ಲಿ ಅವನು ಅಂಥದ್ದನ್ನು ನೋಡಿದ್ದ. ಕೆಳಗೊಂದು ಡ್ರಮ್ಮು, ಮೇಲೊಂದು ತೊಟ್ಟಿ. ಡ್ರಮ್ಮಿನಲ್ಲಿರುವ ನೀರನ್ನು ಪಂಪು ಮೇಲಕ್ಕೆತ್ತಿ ಕೊಳವೆಯಲ್ಲಿ ಸುರಿಸುತ್ತದೆ, ಜಿಡ್ಡನ್ನು ತೊಳೆದುಕೊಂಡ ನೀರು ತೂತಿನಿಂದ ಮತ್ತೆ ಡ್ರಮ್ಮಿಗೆ ಇಳಿಯುತ್ತದೆ. ಡ್ರಮ್ಮು ಶೆಡ್ಡಿನಲ್ಲಿತ್ತು. ಪಂಪನ್ನು ಹಿಂದೆಂದೋ ಬಿಚ್ಚಿದ್ದ ಏರ್ ಕೂಲರಿನ ಹೊಟ್ಟೆಯಿಂದ ಕಿತ್ತ. ತೊಟ್ಟಿಗೆ ಮಾತ್ರ ಪಕ್ಕದ ಮನೆಯ ಗೋಡೆಗೊರಗಿದ್ದ ಹಳೆಯ ಸ್ಟೀಲ್ ಸಿಂಕನ್ನು ಕೇಳಬೇಕಾಯಿತು. ಅಲ್ಲೇ ತಪ್ಪಾಗಿದ್ದು. ಪಕ್ಕದ ಮನೆಯವರು ನೀರು ಸರಬರಾಜಿನಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ಸಿಂಕು ಕೊಟ್ಟರು, ಸಿಂಕಿನ ಹಿಂದೆಯೇ ತಾವೂ ಬಂದರು.

"ಏನಪ್ಪಾ, ಇಳಿಜಾರು ಎಲ್ಲಿ ಕೊಟ್ಟಿದೀಯ ಇದಕ್ಕೆ? ನೀರೇನು ನಿನ್ನ ನೆಂಟನಾ, ಕರೆದ ಕಡೆ ಬರೋಕೆ? ಎತ್ತು ಆ ಕಡೆ. ಇನ್ನೂ ಎತ್ತು. ಸ್ವಲ್ಪ ಇಳಿಸು."

"ಸಾರ್, ಸಂಜೆಯೊಳಗೆ ಆಗ್ಬೇಕು."

"ಊರಿಗೇ ನೀರು ಕುಡಿಸಿದವನು ನಾನು. ಇದ್ಯಾವ ಲೆಕ್ಕ? ಏನದು ಕ್ಯಾನು, ಸೀಮೆಎಣ್ಣೆನಾ? ಮೋಟಾರ್ ಓಡೋ ಕಡೆ ಸೀಮೆಎಣ್ಣೆ ಸುರೀತೀಯಾ? ಶೆಡ್ಡು ಇಲ್ಲಿರುತ್ತೆ, ನೀನು ಅಲ್ಲಿರ್ತೀಯ. ಬಿಸಿನೀರು, ಸೋಪು. ಅಷ್ಟೇ."

ಅದು ನ್ಯಾಯವಾದ ಮಾತೇ. ಇಳಿಜಾರು ಎರಡು ಸಲ ಬದಲಾಯಿತು, ಕೊಳವೆ ಮೂರು ಸಲ. ಮೊದಲ ಬಾರಿ ಸ್ವಿಚ್ ಒತ್ತಿದಾಗ ಕೊಳವೆ ಎದ್ದು ನಿಂತು ಓವರ್‌ಸಿಯರರ ಬಿಳಿ ಅಂಗಿಗೆ ಪೂರ್ತಿ ಅಭಿಷೇಕ ಮಾಡಿತು. ಅವರು ಮುಖ ಒರೆಸಿಕೊಂಡು, "ಪ್ರೆಶರ್ ಚೆನ್ನಾಗಿದೆ," ಎಂದರು.

ಅಷ್ಟರಲ್ಲಿ ಅಮ್ಮ ಬಂದಳು. "ಯಾಕೋ ಇಷ್ಟು ಒದ್ದಾಡ್ತೀಯ? ಭಾನುವಾರ ಅಲ್ವಾ, ಊಟ ಮಾಡಿ ಸ್ವಲ್ಪ ಮಲ್ಕೋ ಹೋಗು. ಇವತ್ತೇ ಆಗ್ಬೇಕು ಅಂತ ಏನಿದೆ?"

ಚುಚ್ಚಿ ಮಾತಾಡುತ್ತಿದ್ದಾಳೆ ಎಂದು ಬಿಚ್ಚಪ್ಪನಿಗೆ ಅಳುವೇ ಬಂತು. "ಇಲ್ಲಮ್ಮ, ಇವತ್ತೇ ಮುಗಿಸ್ತೀನಿ," ಎಂದ. ಅಮ್ಮನ ಮುಖ ಸಪ್ಪಗಾಯಿತು. ನಂಬಿಕೆಯಿಲ್ಲ ಪಾಪ, ಎಂದುಕೊಂಡು ಅವನು ಇನ್ನಷ್ಟು ಜೋರಾಗಿ ಸ್ಪ್ಯಾನರ್ ತಿರುಗಿಸಿದ.

ಸೋಪಿನ ಪುಡಿ ಕೊಟ್ಟವಳು ಎದುರುಮನೆಯಾಕೆ. ಈ ಬೀದಿಯಲ್ಲಿ ಏನೇ ಸದ್ದಾದರೂ ಅವಳಿಗೆ ಮೊದಲು ಕೇಳಬೇಕು. ಅವನನ್ನು ಎದುರಿಗೇ, ಅದೂ ಬಹುವಚನದಲ್ಲಿ, ಬಿಚ್ಚಪ್ಪನವರೇ ಎಂದು ಕರೆಯುವಷ್ಟು ಮರ್ಯಾದಸ್ಥೆ.

"ಬಿಚ್ಚಪ್ಪನವರೇ, ತಗೊಳ್ಳಿ, ಬಟ್ಟೆ ಒಗೆಯೋ ಪುಡಿ. ಒಂದು ಚಮಚ ಹಾಕಿದ್ರೆ ಬಕೆಟ್ ತುಂಬ ನೊರೆ. ನಿಮ್ದು ಮುಗಿದ ಮೇಲೆ ನಮ್ಮ ಅಡಿಗೆಮನೆ ಫ್ಯಾನಿನ ರೆಕ್ಕೆನೂ ಒಂದ್ಸಲ ತೊಳೆದು ಕೊಡಿ."

ಓವರ್‌ಸಿಯರ್ ಡ್ರಮ್ಮಿನ ಅಳತೆಯನ್ನು ಮನಸ್ಸಿನಲ್ಲೇ ಗುಣಿಸಿ, ಭಾಗಿಸಿ, ಕೊನೆಗೆ ಪೊಟ್ಟಣವನ್ನೇ ಬೋರಲು ಹಾಕಿದರು. ಪಂಪು ತಿರುಗಿತು. ನೀರು ಸುತ್ತಿತು. ನೊರೆ ಹುಟ್ಟಿತು. ಮೊದಲು ಸಿಂಕು ತುಂಬಿತು, ಆಮೇಲೆ ನೆಲ, ಆಮೇಲೆ ಓವರ್‌ಸಿಯರರ ಮೊಣಕಾಲು. ಹಾಲು ಉಕ್ಕಿದರೆ ಒಲೆ ಆರಿಸಬಹುದು, ಇದನ್ನು ಆರಿಸಲು ಸ್ವಿಚ್ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಬಿಚ್ಚಪ್ಪ ನೊರೆಯೊಳಗೆ ಕೈಯಾಡಿಸಿ ತಡಕಿದ. ಸಿಕ್ಕಿದ್ದು ಓವರ್‌ಸಿಯರರ ಕಿವಿ.

"ಅದು ನಂದು ಕಣಯ್ಯಾ!"

ನೊರೆ ಬಾಗಿಲು ದಾಟಿ ಹಿತ್ತಲಿಗೆ ನಡೆಯಿತು. ಹೆಂಡತಿ ಒಣಹಾಕಿದ್ದ ಬಟ್ಟೆಯನ್ನು ಬಾಚಿಕೊಂಡು ಓಡಿದಳು. ಅಮ್ಮ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಆ ದಿನದಲ್ಲಿ ಅವಳು ಮನಸಾರೆ ನಕ್ಕದ್ದು ಅದೊಂದೇ ಸಲ. "ಬಿಡೋ, ಆಗಲ್ಲ ಅದು. ನಾಳೆ ನೋಡ್ಕೊಂಡ್ರಾಯ್ತು," ಎಂದಳು.

ಕಾಪಾಡಿದ್ದು ಯಾರ ಬುದ್ಧಿಯೂ ಅಲ್ಲ, ಎದುರುಮನೆಯ ಫ್ಯಾನು. ತಾಳ್ಮೆ ಕೆಟ್ಟ ಆ ಮಹಾತಾಯಿ ಜಿಡ್ಡು ಕಟ್ಟಿದ ಮೂರೂ ರೆಕ್ಕೆಗಳನ್ನು ತಂದು ನೊರೆಯೊಳಗೆ ಎಸೆದೇಬಿಟ್ಟಳು. ವರ್ಷಗಟ್ಟಲೆ ಕೂಡಿಟ್ಟ ಎಣ್ಣೆಜಿಡ್ಡು ಅದು. ತಾಗಿದ್ದೇ ತಡ, ನೊರೆ ಪಿಸ್ಸೆಂದು ಕುಸಿಯತೊಡಗಿತು. ನೊರೆ ಇಳಿದಂತೆ ಮೊದಲು ಓವರ್‌ಸಿಯರರ ತಲೆ ಕಂಡಿತು, ಆಮೇಲೆ ಸ್ವಿಚ್ ಕಂಡಿತು. ಕೊನೆಗೆ ಫಳಫಳ ಹೊಳೆಯುವ ರೆಕ್ಕೆಗಳೂ ಕಂಡವು.

"ಕೆಲಸ ಮಾಡುತ್ತೆ!" ಎಂದು ಬಿಚ್ಚಪ್ಪ ಕೂಗಿದ.

ಹೊಸ ನೀರಿಗೆ ಈ ಸಲ ಚಿಟಿಕೆಯಷ್ಟೇ ಪುಡಿ ಬಿತ್ತು. ಮೆಶೀನಿನ ಒಂದೊಂದೇ ಭಾಗವನ್ನು ಅವನು ಬಿಸಿನೀರಿನ ಧಾರೆಗೆ ಹಿಡಿದು ಬ್ರಷ್ಷಿನಿಂದ ತಿಕ್ಕಿದ. ಕಪ್ಪು ಅಂಟು ಬಿಡುತ್ತಾ ಹೋದಂತೆ ಅದರೊಳಗಿಂದ ದಾರದ ಎಳೆಗಳು ಬಂದವು. ನೀಲಿ, ಖಾಕಿ, ಒಂದಿಷ್ಟು ಕೆಂಪು. ಈ ಬೀದಿಯ ಮಕ್ಕಳ ಬಟ್ಟೆಗಳ ಚೂರು ಅವು. ಕೆಂಪು ಎಳೆ ಅಕ್ಕನ ಶಾಲೆಯ ಲಂಗದ್ದು. ಆ ಕೆಂಪು ಅವನಿಗೆ ಚೆನ್ನಾಗಿ ಗೊತ್ತು. ಅಮ್ಮ ಹೊಲಿಯುವಾಗ ಅವನು ಮೆಶೀನಿನ ಕೆಳಗೆ ಮಲಗಿ, ಮೇಲಿಂದ ಉದುರುವ ದಾರಗಳನ್ನು ಆಯುತ್ತಾ ಆ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದ. ಈ ಸದ್ದು ಮನೆಯಿಂದ ಹೊರಟುಹೋದರೆ ತಾನು ಏನು ಮಾಡಬೇಕು ಎಂದು ಯೋಚಿಸಿದಾಗ ಅವನಿಗೆ ನಿಜವಾಗಿ ಭಯವಾಯಿತು.

ಒದ್ದೆ ಕಬ್ಬಿಣವನ್ನು ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಹೆಂಡತಿ ಕೂದಲು ಒಣಗಿಸುವ ಯಂತ್ರ ತಂದಳು. ಅವಳು ಒಣಗಿಸಿದಳು, ಅವನು ಎಣ್ಣೆ ಬಿಟ್ಟ, ಓವರ್‌ಸಿಯರ್ ಸಲಹೆ ಬಿಟ್ಟರು. ಜೋಡಣೆ ಅರ್ಧಕ್ಕೆ ಬಂದಾಗ ಸೂಜಿ ಹಿಡಿದಿಡುವ ಪುಟ್ಟ ಸ್ಕ್ರೂ ಕಾಣೆಯಾಗಿತ್ತು.

ಶೆಡ್ಡು ಹುಡುಕಿದರು, ಡ್ರಮ್ಮು ಬಗ್ಗಿಸಿದರು. ಇಲ್ಲ. ಆಗ ಓವರ್‌ಸಿಯರ್ ಮನೆಗೆ ಹೋಗಿ ಹಗ್ಗಕ್ಕೆ ಕಟ್ಟಿದ ದಪ್ಪ ಅಯಸ್ಕಾಂತವೊಂದನ್ನು ತಂದರು. ಹಳೆಯ ಸ್ಪೀಕರಿನದು.

"ಬಾವಿಗೆ ಬಿದ್ದ ಸ್ಪ್ಯಾನರೆಲ್ಲ ಇದರಲ್ಲೇ ಎತ್ತಿದವನು ನಾನು. ಇದರ ಕಣ್ಣಿಗೆ ಮಣ್ಣೆರಚೋ ಸ್ಕ್ರೂ ಇನ್ನೂ ಹುಟ್ಟಿಲ್ಲ."

ಅಯಸ್ಕಾಂತವನ್ನು ತೂಗಾಡಿಸುತ್ತಾ ಅವರು ಹಿತ್ತಲಿಂದ ಮನೆಯೊಳಗೆ, ಮನೆಯೊಳಗಿಂದ ಮುಂದಿನ ಕೋಣೆಗೆ ನಡೆದರು. ಅಲ್ಲಿ ಅಮ್ಮನ ಪಕ್ಕದಲ್ಲಿದ್ದ ಗುಂಡಿಗಳ ಪ್ಲಾಸ್ಟಿಕ್ ಡಬ್ಬಿಯ ಹತ್ತಿರ ಹೋಗುತ್ತಲೇ ಒಳಗಿಂದ ಟಕ್ಕೆಂದು ಏನೋ ಬಂದು ಡಬ್ಬಿಯ ಗೋಡೆಗೆ ಅಂಟಿಕೊಂಡಿತು. ಸ್ಕ್ರೂ!

"ಅಯ್ಯೋ, ಗುಂಡಿ ಅಂದ್ಕೊಂಡು ಎತ್ತಿಟ್ಟೆ ಕಣಪ್ಪಾ," ಎಂದಳು ಅಮ್ಮ. "ಕಣ್ಣು ಮಂಜು ನೋಡು."

ಮುಸ್ಸಂಜೆಯ ಮಬ್ಬಿನಲ್ಲೂ ಮೊದಲ ಸಲಕ್ಕೇ ಸೂಜಿಗೆ ದಾರ ಪೋಣಿಸುವವಳು ಅವಳು. ಸ್ಕ್ರೂ ಸಿಕ್ಕಿದ ಸಂಭ್ರಮದಲ್ಲಿ ಅದನ್ನು ಯಾರೂ ಯೋಚಿಸಲಿಲ್ಲ. ಓವರ್‌ಸಿಯರ್ ಮಾತ್ರ ಗೆದ್ದ ಪೈಲ್ವಾನನಂತೆ ಹಿಂದಿರುಗಿ, ಆ ಅಯಸ್ಕಾಂತವನ್ನು ಸಿಂಕಿನ ತೂತಿನ ಕೆಳಗೇ ಕಟ್ಟಿದರು. "ಇನ್ನು ಇದರಿಂದ ಒಂದು ಚೂರು ಕಬ್ಬಿಣ ತಪ್ಪಿಸ್ಕೊಂಡು ಹೋಗ್ಲಿ, ನೋಡೋಣ. ದಿನಾ ತೆಗೆದು ಒರೆಸ್ಬೇಕು, ಮರೀಬೇಡ."

ಬಿಸಿಲು ಹಿತ್ತಲು ಬಿಟ್ಟು ಗೋಡೆ ಏರುವ ಹೊತ್ತಿಗೆ ಬಿಚ್ಚಪ್ಪ ಕೊನೆಯ ಸ್ಕ್ರೂ ಬಿಗಿದ. ಸುತ್ತ ನೋಡಿದ. ಒಂದೂ ಉಳಿದಿರಲಿಲ್ಲ! ಏನನ್ನಾದರೂ ಜೋಡಿಸಿದ ಮೇಲೆ ಕೈಯಲ್ಲಿ ಸ್ಕ್ರೂ ಉಳಿಯದೆ ಇದ್ದದ್ದು ಅವನ ಆಯುಷ್ಯದಲ್ಲೇ ಮೊದಲು. ಮೆಶೀನನ್ನು ಮುಂದಿನ ಕೋಣೆಗೆ ಸಾಗಿಸಿ, ಬಟ್ಟೆಯ ಚೂರು ಇಟ್ಟು, ತುಳಿದ. ಅದೇ ಸದ್ದು. ಹೊಲಿಗೆ ಗೆರೆ ಎಳೆದಂತೆ ಬಂತು. ಹೆಂಡತಿ ಬಾಯಿಗೆ ಕೈಯಿಟ್ಟುಕೊಂಡಳು.

"ಅಮ್ಮಾ, ಆಯ್ತು! ಓಡ್ತಿದೆ!"

ಅಮ್ಮ ಮೆಶೀನಿನ ಮೈ ಸವರಿದಳು. "ಆಯ್ತಾ?" ಎಂದಳು.

ಅಷ್ಟರಲ್ಲಿ ಹೊರಗೆ ವ್ಯಾನು ನಿಂತಿತು. ಅಕ್ಕ ಚಪ್ಪಲಿ ಬಿಡುವ ಮೊದಲೇ ಸದ್ದು ಕೇಳಿ ಓಡಿಬಂದಳು. ಬಿಚ್ಚಪ್ಪ ಎದೆ ಉಬ್ಬಿಸಿ ಇನ್ನೂ ಜೋರಾಗಿ ತುಳಿದ.

"ನೋಡೇ ಅಕ್ಕ! ಇನ್ನು ಅಮ್ಮನ್ನ ಕರ್ಕೊಂಡ್ ಹೋಗೋ ಮಾತೇ ಇಲ್ಲ."

"ಯಾಕಿಲ್ಲ?" ಅಕ್ಕ ಅವನ ಬೆನ್ನಿಗೊಂದು ಗುದ್ದಿದಳು. "ಭೇಷ್ ಕಣೋ! ನೀನು ಮಾಡ್ತೀಯ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಅಮ್ಮ ಏನ್ ಹೇಳಿದ್ಲು ಗೊತ್ತಾ? ಮೆಶೀನ್ ಓಡಿದ ದಿನ ಅದನ್ನೂ ತಗೊಂಡು ನಿನ್ನ ಮನೆಗೇ ಬಂದುಬಿಡ್ತೀನಿ ಅಂತ ಮಾತು ಕೊಟ್ಟಿದ್ಲು. ನಾನು ಫೋನ್ ಮಾಡಿದಾಗೆಲ್ಲ ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಅಂತಿದ್ಲು. ನಡಿಯಮ್ಮ, ಬಟ್ಟೆ ಜೋಡಿಸ್ಕೋ."

ಬಿಚ್ಚಪ್ಪನ ಕಾಲು ತುಳಿಯುವುದನ್ನು ನಿಲ್ಲಿಸಿತು. ಅವನು ಅಮ್ಮನ ಮುಖ ನೋಡಿದ. ಬಟ್ಟೆ ಎತ್ತಿಕೊಡುವ ನೆಪದಲ್ಲಿ ಅವಳ ಹಿಂದೆ ಒಳಕೋಣೆಗೆ ಹೋದ.

"ಅಮ್ಮಾ... ನಿನಗೆ ಹೋಗೋಕೆ ಇಷ್ಟ ಇರ್ಲಿಲ್ವಾ?"

"ಯಾರೋ ಹೇಳಿದ್ದು ನಿನಗೆ, ಇಷ್ಟು ಅರ್ಜೆಂಟಾಗಿ ಮಾಡು ಅಂತ?" ಎಂದಳು ಅಮ್ಮ. "ಹುಟ್ಟಿದಾಗಿಂದ ಒಂದು ವಸ್ತು ನೆಟ್ಟಗೆ ಜೋಡಿಸಿದವನಲ್ಲ. ಆ ಧೈರ್ಯದ ಮೇಲೆ ತಾನೇ ನಾನು ಅವಳಿಗೆ ಮಾತು ಕೊಟ್ಟಿದ್ದು!"

"ಮತ್ತೆ ದಿನಾ ಬಂದು ಕೇಳ್ತಿದ್ದೆ?"

"ಆಗ್ಲಿಲ್ಲ ಅಂತ ನಿನ್ನ ಬಾಯಲ್ಲಿ ಕೇಳಿದ್ರೆ ಒಂದು ಸಮಾಧಾನ." ಅಮ್ಮ ಬಟ್ಟೆ ಮಡಚುತ್ತಾ ಹೇಳಿದಳು. "ಅವಳೂ ನನ್ನ ಮಗಳೇ, ಪ್ರೀತಿಯಿಂದಲೇ ಕರೀತಾಳೆ. ಬರಲ್ಲ ಅಂತ ಹ್ಯಾಗೆ ಹೇಳ್ಲಿ? ಆದ್ರೆ ಅವಳ ಮನೇಲಿ ಎಲ್ಲಾ ಸರಿಯಾಗಿದೆ ಕಣೋ. ಏನೂ ಕೆಟ್ಟಿಲ್ಲ. ಕೂರು ಅಂದ್ರೆ ಕೂತಿರ್ಬೇಕು. ಇಲ್ಲಿ, ಅಮ್ಮಾ ಟಾರ್ಚ್ ಹಿಡಿ, ಅಮ್ಮಾ ಇದರ ಬಾಯಿ ಒತ್ತಿ ಹಿಡ್ಕೋ ಅಂತ ನೀನು ಕೂಗ್ತಾನೇ ಇರ್ತೀಯ. ಹೋಗ್ಲಿ ಬಿಡು. ಕೊಟ್ಟ ಮಾತು, ನಡೆಸ್ಬೇಕು."

ಹೊರಗೆ ಅಕ್ಕ ಮೆಶೀನನ್ನು ವ್ಯಾನಿಗೆ ಏರಿಸಲು ಡ್ರೈವರನ್ನು ಕರೆಯುತ್ತಿದ್ದಳು. ಬಿಚ್ಚಪ್ಪ ಕಣ್ಣೊರೆಸಿಕೊಂಡು ಬಂದು, "ಮುಟ್ಟಬೇಡಿ, ನಾನೇ ಭದ್ರ ಮಾಡಿ ಕೊಡ್ತೀನಿ," ಎಂದು ಮೆಶೀನಿನ ಮುಂದೆ ಮಂಡಿಯೂರಿದ. ಬದಿಯ ತಗಡನ್ನು ಸರಿಸಿ, ಕೆಳಗಿನ ದಾರ ಹಿಡಿಯುವ ಬಾಬಿನ್ ಕೇಸನ್ನು ಮೆಲ್ಲಗೆ ಹೊರತೆಗೆದು ಮುಷ್ಟಿಯಲ್ಲಿ ಅಡಗಿಸಿದ. ಅದಿಲ್ಲದೆ ಮೆಶೀನು ತುಳಿಯಬಹುದು, ಒಂದು ಹೊಲಿಗೆ ಹಾಕಲಾಗದು. ಅಮ್ಮ ನೋಡಿದಳು. ನೋಡಿ, ಸುಮ್ಮನೆ ಬಂದು ಅವನಿಗೂ ಅಕ್ಕನಿಗೂ ನಡುವೆ ನಿಂತಳು.

"ಅಲ್ವೇ, ಅಲ್ಲಿ ಹೋದ ಮೇಲೆ ಇದು ಮತ್ತೆ ಕೆಟ್ಟರೆ?"

"ಕೆಟ್ಟರೆ ನಿನ್ನನ್ನೂ ಮೆಶೀನನ್ನೂ ಇಲ್ಲಿಗೇ ತಂದು ಬಿಡ್ತೀನಮ್ಮ. ಈಗ ಇವನಿಗೆ ಕೈ ಹತ್ತಿದೆಯಲ್ಲ."

"ಇವನ ಕೈಗೆ ಬಂದ್ರೆ ಎರಡು ತಿಂಗಳಂತೂ ಬೇಕು," ಎಂದಳು ಅಮ್ಮ. ಅವಳ ಕಣ್ಣಲ್ಲಿ ಬೆಳಕು ಬಂದಿತ್ತು.

"ಏನೋ ಅದು ಕೈಯಲ್ಲಿ?" ಎಂದು ಅಕ್ಕ ಬಗ್ಗಿದಳು.

"ಜಿಡ್ಡು, ಜಿಡ್ಡು. ತೊಳ್ಕೊಂಡ್ ಬಂದೆ," ಎಂದು ಬಿಚ್ಚಪ್ಪ ಶೆಡ್ಡಿಗೆ ಓಡಿದ. ಅಲ್ಲಿ ಓವರ್‌ಸಿಯರ್ ಎದುರುಮನೆಯಾಕೆಗೆ ಯಂತ್ರದ ಮಹಿಮೆಯನ್ನು ವಿವರಿಸುತ್ತಿದ್ದರು. ಅವರ ಕಣ್ಣು ತಪ್ಪಿಸಿ ಅವನು ಬಾಬಿನ್ ಕೇಸನ್ನು ಸಿಂಕಿನ ಕಪ್ಪು ನೀರಿಗೆ ಬಿಟ್ಟ. ಅದು ಜಾರಿ ತೂತಿನಲ್ಲಿ ಇಳಿಯಿತು. ಅಬ್ಬಾ ಎಂದು ಉಸಿರು ಬಿಟ್ಟು ಬೀದಿಗೆ ಬಂದ.

ಮೆಶೀನು ಏರಿತು, ಅಮ್ಮನೂ ಏರಿದಳು. ಕಿಟಕಿಯಿಂದ ಅವನ ಕೆನ್ನೆ ಮುಟ್ಟಿ, "ಬೇಗ ಬರ್ತೀನಿ ಕಣೋ," ಎಂದು ಸಣ್ಣಗೆ ಕಣ್ಣು ಮಿಟುಕಿಸಿದಳು. ಬಿಚ್ಚಪ್ಪನೂ ಮಿಟುಕಿಸಿದ. ವ್ಯಾನು ಹೊರಟಿತು.

"ನಿಲ್ಸಿ! ಟೈಲರಮ್ಮಾ, ನಿಲ್ಸಿ!"

ಓವರ್‌ಸಿಯರ್ ಬರಿಗಾಲಲ್ಲಿ, ನೀರು ಸುರಿಯುವ ಅಯಸ್ಕಾಂತವನ್ನು ಹಗ್ಗ ಸಮೇತ ಎತ್ತಿ ಹಿಡಿದು, ಆ ವಯಸ್ಸಿಗೆ ಸಲ್ಲದ ವೇಗದಲ್ಲಿ ಅವನನ್ನು ದಾಟಿ ಓಡಿದರು. ಬೀದಿಯ ತಿರುವಿನಲ್ಲಿ ವ್ಯಾನು ನಿಂತಿತು. ಅವರು ಅಯಸ್ಕಾಂತಕ್ಕೆ ಕಚ್ಚಿಕೊಂಡಿದ್ದ ಬಾಬಿನ್ ಕೇಸನ್ನು ಕಿತ್ತು, ತಮ್ಮ ಅಂಗಿಯಲ್ಲೇ ಒರೆಸಿ, ಕಿಟಕಿಯೊಳಗೆ ಕೊಟ್ಟರು. ಒಳಗಿಂದ ಒಂದು ಕೈ ನಿಧಾನವಾಗಿ, ಬಲು ನಿಧಾನವಾಗಿ ಹೊರಬಂದು ಅದನ್ನು ತೆಗೆದುಕೊಂಡಿತು. ವ್ಯಾನು ತಿರುವು ದಾಟಿತು.

ಓವರ್‌ಸಿಯರ್ ಏದುಸಿರು ಬಿಡುತ್ತಾ ಹಿಂದಿರುಗಿ ಬಂದು ಬಿಚ್ಚಪ್ಪನ ಹೆಗಲ ಮೇಲೆ ಒದ್ದೆ ಕೈ ಇಟ್ಟರು.

"ನೋಡಿದ್ಯೇನಪ್ಪಾ? ಒರೆಸೋಣ ಅಂತ ಎತ್ತಿದೆ, ಅಂಟ್ಕೊಂಡು ಕೂತಿತ್ತು. ನಾನೊಬ್ಬ ಇಲ್ದೇ ಇದ್ದಿದ್ರೆ ಏನಾಗ್ತಿತ್ತು, ಹೇಳು?"

ಬಿಚ್ಚಪ್ಪ ಖಾಲಿ ತಿರುವನ್ನೇ ನೋಡುತ್ತಾ ನಿಂತಿದ್ದ.

"ಏನೂ ಆಗ್ತಿರ್ಲಿಲ್ಲ ಸಾರ್," ಎಂದ. "ಎಲ್ಲಾ ಮೊದಲಿನ ಹಾಗೇ ಇರ್ತಿತ್ತು."